ಮುಂದಿನ ವಸ್ತಾದ ಯಾರು?

ಬೆಂಚಿನ ತುದಿಯಲ್ಲಿ ಜಾಗ ಇದೆ, ಕೂಡ್ರಿ. ಮುಧೋಳದ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿ, ಬೆಳಗಿನ ಏಳೂವರೆ. ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರು ಎರಡು ಟ್ರೇಲರ್ ಕಟ್ಟಿಕೊಂಡು ಅರ್ಧ ರಸ್ತೆಯನ್ನು ತನ್ನದಾಗಿಸಿಕೊಂಡು ನಿಂತಿದೆ. ಡ್ರೈವರ್ ಇಳಿದು ಬಂದು ನಿಮ್ಮ ಪಕ್ಕದಲ್ಲೇ ಕಟ್ ಚಾ ಕುಡಿಯುತ್ತಿದ್ದಾನೆ. ಅವನ ಟೇಪು ಮಾತ್ರ ಊರಿಗೆಲ್ಲ ಹಾಡು ಕೇಳಿಸುತ್ತಲೇ ಇದೆ. ಇವತ್ತು 2025ರ ಜನವರಿ 5, ರವಿವಾರ. ಥಂಡಿ ಇನ್ನೂ ಬಿಟ್ಟಿಲ್ಲ. ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಮಾತು ಈಗಷ್ಟೇ ಶುರುವಾಗಿದೆ.

“ಇವತ್ತಿಗೆ ಬರೋಬ್ಬರಿ ಆರು ವರ್ಷ ಆತು ನೋಡ್ರಿ,” ಎನ್ನುತ್ತಾರೆ ಮೂಲೆಯಲ್ಲಿ ಕೂತ ಕನ್ನಡ ಮಾಸ್ತರು. ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಈ ಪ್ಯಾಟಿಗೆ ಮಾತ್ರ ಅವರು ಇಂದಿಗೂ ಮಾಸ್ತರೇ. “2019, ಜನವರಿ 5. ಮುಂಬೈದಾಗ ಕಬಡ್ಡಿ ಫೈನಲ್. ನಮ್ಮ ಬೆಂಗಳೂರು ಬುಲ್ಸ್ ಗೆದ್ರು, ಗುಜರಾತಿನ ಮ್ಯಾಲೆ 38–33. ಪವನ ಸೆಹ್ರಾವತ್ ಒಬ್ಬಂದೇ 22 ಪಾಯಿಂಟ್.”

“ಈ ಸಲದ್ದೂ ಒಂದೀಟು ಹೇಳ್ರಲಾ ಸರ,” ಡ್ರೈವರ್ ಕೆಣಕುತ್ತಾನೆ.

ಈ ಸಲದ್ದನ್ನು ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಪ್ರೊ ಕಬಡ್ಡಿಯ 11ನೇ ಸೀಸನ್ ಹೋದ ರವಿವಾರ ಮುಗಿದಿದೆ. ಪುಣೆಯಲ್ಲಿ ಹರಿಯಾಣ ಸ್ಟೀಲರ್ಸ್ ತಂಡ ಪಾಟ್ನಾ ಪೈರೇಟ್ಸನ್ನು 32–23ರಿಂದ ಸೋಲಿಸಿ ಮೊದಲ ಬಾರಿಗೆ ಕಪ್ ಎತ್ತಿತು. ಬೆಂಗಳೂರು ಬುಲ್ಸ್? ಆಡಿದ್ದು 22 ಪಂದ್ಯ, ಗೆದ್ದದ್ದು 2. ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದು. ಅಪಶಕುನ ಮೊದಲ ದಿನವೇ ಆಗಿತ್ತು: ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ತೆಲುಗು ಟೈಟನ್ಸ್ 37–29ರಿಂದ ಮಣ್ಣು ಮುಕ್ಕಿಸಿತು, ಮುಕ್ಕಿಸಿದವನು ಟೈಟನ್ಸ್ ಅಂಗಿ ತೊಟ್ಟ ಇದೇ ಪವನ. ಬುಲ್ಸ್ ಅಂಗಳದಲ್ಲೇ ದೊಡ್ಡವನಾದ ಹುಡುಗ. ಇತ್ತ 70 ಲಕ್ಷ ಕೊಟ್ಟು ತಂದ ಪರ್ದೀಪ್ ನರ್ವಾಲನ, ಹಿಡಿಯುವವರ ಕೈಕೆಳಗೆ ನುಸುಳುವ ಡುಬ್ಕಿ ಯಾವ ಕಾರ್ನರ್‌ನವನಿಗೂ ಹೊಸದಾಗಿ ಉಳಿದಿರಲಿಲ್ಲ.

“ಕೋಚ್ ಬದಲಿ ಮಾಡ್ತಾರ ಬಿಡ್ರಿ,” ಪೇಪರ್ ಹಾಕುವ ಹುಡುಗ ಸೈಕಲ್ಲಿನ ಮೇಲೆ ಕೂತೇ ತೀರ್ಪು ಕೊಡುತ್ತಾನೆ.

ಅದು ಸಣ್ಣ ಮಾತಲ್ಲ. 2014ರಲ್ಲಿ ಲೀಗ್ ಹುಟ್ಟಿದಾಗಿನಿಂದ ಹನ್ನೊಂದು ಸೀಸನ್ ಬುಲ್ಸ್‌ಗೆ ಒಬ್ಬರೇ ಕೋಚ್, ರಣಧೀರ್ ಸಿಂಗ್ ಸೆಹ್ರಾವತ್. ಬೇರೆ ತಂಡಗಳು ಸೀಸನ್ನಿಗೊಬ್ಬರನ್ನು ಬದಲಿಸುತ್ತಿದ್ದಾಗ ಇವರು ಅಲುಗಾಡಲಿಲ್ಲ. 2015ರಲ್ಲಿ ಯು ಮುಂಬಾ ಎದುರು ಫೈನಲ್ ಸೋತರು, ಇದ್ದರು. 2019ರಲ್ಲಿ ಗೆದ್ದರು, ಇದ್ದರು. ಈಗ ಕೊನೆಯ ಸ್ಥಾನ.

“ಆದ್ರ ಹೊರಗ ಕುರ್ಚಿ ಮ್ಯಾಲೆ ಕೂತಂವ ಏನ್ ಮಾಡ್ತಾನ್ರಿ? ಆಡೋದು ಒಳಗಿನ ಏಳು ಮಂದಿ,” ಡ್ರೈವರ್ ಪಟ್ಟು ಬಿಡುವುದಿಲ್ಲ.

ಮಾಸ್ತರು ಕಾಯುತ್ತಿದ್ದುದೇ ಇದಕ್ಕೆ. ಗ್ಲಾಸು ಕೆಳಗಿಟ್ಟು, ಮಫ್ಲರ್ ಸಡಿಲಿಸಿ, ಬೆಂಚಿನ ತುದಿಗೆ ಸರಿದರು. “ರನ್ನ ಹುಟ್ಟಿದ ಊರಾಗ ಕೂತು ಹಿಂಗ ಕೇಳ್ತೀಯಲ್ಲೋ ತಮ್ಮಾ! ಭೀಮಗೂ ದುರ್ಯೋಧನಗೂ ಗದೆ ಕಲಿಸಿದಂವ ಒಬ್ಬನ, ಬಲರಾಮ. ಎರಡೂ ಕಡೀಗೆ ಒಬ್ಬನ ಕೋಚ್. ಇಬ್ಬರಿಗೂ ಅವವೇ ಪಟ್ಟು ಗೊತ್ತು. ಹಂಗಾದ್ರ ಗೆದ್ದದ್ದು ಹೆಂಗ? ಹೊರಗ ನಿಂತವರು ತೊಡಿ ತಟ್ಟಿ ತೋರಿಸಿದ್ರು. ಕತೀ ಅಲ್ಲೇ ಮುಗೀತು. ಅದು ಟೈಮ್‌ಔಟ್!”

“ಅದು ಫೌಲ್ ಆತಲ್ರಿ ಸರ,” ಎನ್ನುತ್ತಾನೆ ಪೇಪರಿನ ಹುಡುಗ. ಚಹಾದವನೂ ಸೇರಿ ಎಲ್ಲರೂ ನಗುತ್ತಾರೆ. ಮಾಸ್ತರೂ ನಗುತ್ತಾರೆ, ಆದರೆ ಬಿಟ್ಟುಕೊಡುವುದಿಲ್ಲ. ಅರ್ಧ ಆಟಕ್ಕೆ ಎರಡು ಟೈಮ್‌ಔಟ್, ಒಂದೊಂದಕ್ಕೆ ಮೂವತ್ತು ಸೆಕೆಂಡು. ಒಟ್ಟು ಎರಡೇ ನಿಮಿಷ. ನಲವತ್ತು ನಿಮಿಷದ ಆಟದಲ್ಲಿ ಕೋಚ್‌ಗೆ ಸಿಕ್ಕುವ ಮಾತಿನ ಹೊತ್ತು ಅಷ್ಟೇ, ಅಷ್ಟರಲ್ಲಿ ಯಾವ ತೊಡೆ ಎಂದು ಹೇಳಬೇಕು ಎಂಬುದು ಅವರ ವಾದ. ಬಲರಾಮ ಆಮೇಲೆ ಸಿಟ್ಟಿಗೆದ್ದದ್ದನ್ನು ಮಾತ್ರ ಅವರು ಹೇಳಲಿಲ್ಲ. ಕಲಿಸಿದವನು ಬೇರೆ, ಗೆಲ್ಲಿಸಿದವನು ಬೇರೆ ಎಂಬುದು ಆ ಕತೆಯಲ್ಲೇ ಇದೆ. ಇವತ್ತು ದಿನವಿಡೀ ನಿಮಗೆ ಇದೇ ಜಗಳ ಬೇರೆ ಬೇರೆ ಬಾಯಲ್ಲಿ ಕೇಳಿಸಲಿದೆ.

ಬಸ್ಸು ಬಂತು, ಏಳಿ. ಕಿಟಕಿಯ ಸೀಟು ಹಿಡಿದರೆ ದಾರಿಯುದ್ದಕ್ಕೂ ಕಬ್ಬು, ನಡುನಡುವೆ ತೆನೆಗಟ್ಟಿದ ಬಿಳಿಜೋಳ, ಮತ್ತೆ ಕಬ್ಬು.

ಜಮಖಂಡಿ. ಪೋಲೋ ಮೈದಾನದ ಅಂಚಿನ ಕಟ್ಟೆಯ ಮೇಲೆ ಬಿಸಿಲು ಕಾಯುತ್ತ ಕೂತಿರುವ ಕಾಕಾನ ಪಕ್ಕ ಹೋಗಿ ನಿಲ್ಲಿ. ಪಟಗಾ ಕಟ್ಟಿದ್ದಾರೆ; ಅದರ ಕೆಳಗೆ ಕಿವಿ ನೋಡಿ, ಮುರಿದು ಮಡಚಿಕೊಂಡಿದೆ. ಈ ಸೀಮೆಯಲ್ಲಿ ಪೈಲ್ವಾನರನ್ನು ಹೆಸರು ಕೇಳಿ ಗುರುತಿಸುವುದಿಲ್ಲ, ಕಿವಿ ನೋಡಿ ಗುರುತಿಸುತ್ತಾರೆ. ಮೈದಾನದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ, ಕಾಕಾ ಆ ಕಡೆ ನೋಡುತ್ತಲೂ ಇಲ್ಲ.

“ಕಾಕಾ, ಬುಲ್ಸ್‌ಗೆ ಮುಂದಿನ ಕೋಚ್ ಯಾರಾಗಬೇಕ್ರಿ?” ಎಂದು ನಿಮ್ಮ ಜೊತೆ ಬಸ್ಸಿಳಿದ ಕಾಲೇಜು ಹುಡುಗ ಕೇಳುತ್ತಾನೆ.

“ಕೋಚ್ ಅನಬ್ಯಾಡ, ವಸ್ತಾದ ಅನ್ನು.” ಕಾಕಾ ಕೈ ಊರಿ ಸರಿದು ಕೂರುತ್ತಾರೆ. “ವಸ್ತಾದನ್ನ ಆರಿಸಂಗಿಲ್ಲೋ ತಮ್ಮಾ. ಅಂವ ಇದ್ದಲ್ಲಿ ಹೋಗಿ ಕಾಲಿಗೆ ಬೀಳ್ತಾರ. ಎಕ್ಸಂಬಾದ ಶ್ರೀಪತಿ ಖಂಚನಾಳೆ ಕೊಲ್ಲಾಪುರದ ತಾಲೀಮಿಗೆ ಹೋಗಿ ಬೆಳದ. 1959ರಾಗ ಹಿಂದ್ ಕೇಸರಿ, ದೇಶಕ್ಕ ಮೊದಲನೇಂವ. ನಮ್ಮ ಚಿಕ್ಕೋಡಿ ತಾಲ್ಲೂಕಿನ ಹುಡುಗ. ಕೊಲ್ಲಾಪುರದವರು ಏನು, ನಮ್ಮ ಬಾಗಲಾ ಬಡದು ನಿಮ್ಮ ಹುಡುಗನ್ನ ಕೊಡ್ರಿ ಅಂದಿದ್ರೇನು?”

ಹುಡುಗ ಸುಮ್ಮನಾಗುತ್ತಾನೆ. ನನಗೆ ಸುಮ್ಮನಿರಲು ಆಗುವುದಿಲ್ಲ, ನಿಮ್ಮ ಕಿವಿಯಲ್ಲಿ ಹೇಳುತ್ತೇನೆ. ಕಾಕಾನ ಮಾತು ಕೇಳಲು ಚೆಂದ, ಅರ್ಧ ಮಾತ್ರ ನಿಜ. ಕೊಲ್ಲಾಪುರದ ತಾಲೀಮುಗಳು ಹಾಗೆ ಬೆಳೆದದ್ದು ವಸ್ತಾದರ ತಪಸ್ಸಿನಿಂದಷ್ಟೇ ಅಲ್ಲ. ಶಾಹೂ ಮಹಾರಾಜರು ಖಾಸಬಾಗ್ ಮೈದಾನ ಕಟ್ಟಿಸಿದರು. ಪೈಲ್ವಾನರ ಹಾಲು, ತುಪ್ಪ, ಬದಾಮಿಗೆ ಅರಮನೆಯ ಖಜಾನೆ ಇತ್ತು. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ಹೀಗೆ ಈ ಭಾಗದಲ್ಲಿ ಊರಿಗೊಬ್ಬ ಅರಸ. 1948–49ರಲ್ಲಿ ಸಂಸ್ಥಾನಗಳು ವಿಲೀನವಾದವು. ಈಗ ಆ ಖಜಾನೆಯ ಜಾಗದಲ್ಲಿ ಫ್ರಾಂಚೈಸಿ ಬಂದಿದೆ. ವಸ್ತಾದ ಯಾರೆಂದು ದುಡ್ಡು ಕೊಡುವವನು ಆಗಲೂ ಹೇಳುತ್ತಿದ್ದ, ಈಗಲೂ ಹೇಳುತ್ತಾನೆ. ಅರಸನಾದರೆ ಹತ್ತು ವರ್ಷ ಕಾಯುತ್ತಿದ್ದ, ಫ್ರಾಂಚೈಸಿ ಮುಂದಿನ ಹರಾಜಿನವರೆಗೆ ಕಾಯುತ್ತದೆ, ಅಷ್ಟು ವ್ಯತ್ಯಾಸ. ಹಾಗೆ ನೋಡಿದರೆ ರಣಧೀರ್ ಸಿಂಗರನ್ನು ಹನ್ನೊಂದು ಸೀಸನ್ ಇಟ್ಟುಕೊಂಡದ್ದು ಅರಸೊತ್ತಿಗೆಯ ಕೆಲಸವೇ.

ಕಾಕಾನ ಮಗಳ ಮಗ ಬ್ರಿಸ್ಬೇನಿನಲ್ಲಿ ಓದುತ್ತಿದ್ದಾನೆ. ಅವನ ವಾಯ್ಸ್ ಮೆಸೇಜನ್ನು ಕಾಕಾ ಕೇಳಿದವರಿಗೂ ಕೇಳದವರಿಗೂ ಕೇಳಿಸುತ್ತಾರೆ. ಫೋನನ್ನು ಮುರಿದ ಕಿವಿಯಿಂದ ದೂರ ಹಿಡಿದು, ಸ್ಪೀಕರ್ ಹಾಕಿ: “ಅಜ್ಜಾ, ಇಲ್ಲಿ ರಗ್ಬಿ ಲೀಗ್ ಅಂತ ಐತಿ. ನಮ್ಮ ಕಬಡ್ಡಿ ಇದ್ದಂಗ, ಹಿಡಿದು ಕೆಡವೋದು. ಹದಿಮೂರು ಮಂದಿ. ಆರು ಸಲ ಕೆಡವಿದ್ರ ಚೆಂಡು ಆ ಕಡೀಗೆ...” ಆಮೇಲೆ ಬರುವ ಕತೆ ಇಲ್ಲಿನ ಕಟ್ಟೆಗೆ ಹೇಳಿ ಮಾಡಿಸಿದ್ದು. ಆ ಊರಿನ ಬ್ರಾಂಕೋಸ್ ತಂಡ 1988ರಲ್ಲಿ ಹುಟ್ಟಿದಾಗ ಬಂದ ಕೋಚ್ ವೇಯ್ನ್ ಬೆನೆಟ್ 2008ರವರೆಗೂ ಇದ್ದರು. ಆರು ಪ್ರಶಸ್ತಿ ಗೆಲ್ಲಿಸಿಕೊಟ್ಟರು. ಹೋದರು, 2015ರಲ್ಲಿ ಮರಳಿ ಬಂದರು. 2018ರ ಡಿಸೆಂಬರಿನಲ್ಲಿ ತಂಡದವರು ಅವರನ್ನು ಕಳಿಸಿ, ಸಿಡ್ನಿಯ ಒಂದು ತಂಡದ ಆಂಥೊನಿ ಸೀಬೋಲ್ಡರನ್ನು ತಂದರು. ಬೆನೆಟ್ ಸೀದಾ ಆ ತಂಡಕ್ಕೇ ಹೋಗಿ ಕೂತರು. 2020ರಲ್ಲಿ ಬ್ರಾಂಕೋಸ್ ತನ್ನ ಇತಿಹಾಸದಲ್ಲೇ ಮೊದಲ ಸಲ ಕೊನೆಯ ಸ್ಥಾನಕ್ಕೆ ಬಿತ್ತು.

“ಕೇಳಿದ್ಯಾ?” ಕಾಕಾ ಫೋನು ಅಂಗಿಯ ಜೇಬಿಗೆ ಇಳಿಸುತ್ತಾರೆ. “ಹಳೇಂವನ್ನ ಕಳಿಸಿದ್ರ ಹಿಂಗ ಆಗತೈತಿ.”

“ಕಾಕಾ, ಇಲ್ಲಿ ಹಳಬರು ಇದ್ದಾಗನ ಕೊನೀಗೆ ಬಿದ್ದೇವಲ್ರಿ!”

ಕಾಕಾ ಮೊದಲ ಬಾರಿಗೆ ಕ್ರಿಕೆಟ್ ಆಡುವ ಹುಡುಗರ ಕಡೆ ನೋಡುತ್ತಾರೆ.

ಮಧ್ಯಾಹ್ನ ಬನಹಟ್ಟಿ. ರಬಕವಿ ಎಲ್ಲಿ ಮುಗಿಯಿತು, ಬನಹಟ್ಟಿ ಎಲ್ಲಿ ಶುರುವಾಯಿತು ಎಂದು ಹೊರಗಿನವರಿಗೆ ತಿಳಿಯುವುದಿಲ್ಲ. ಓಣಿ ಬದಲಾದರೂ ಮಗ್ಗದ ಸದ್ದು ಬದಲಾಗುವುದಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಾಗಿ ಒಳಗೆ ಬನ್ನಿ. ಪಾವರ್‌ಲೂಮಿನ ಶೆಡ್ಡು. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಮೊದಲು ಕಿವಿ ಸೋಲುತ್ತದೆ. ಲಾಳಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊಡೆಯುತ್ತಿದೆ. ನಿಮ್ಮ ಪಕ್ಕದವನು ಬಾಯಿ ತೆರೆದು ಮುಚ್ಚಿದ್ದು ಕಾಣುತ್ತದೆ, ಶಬ್ದವಿಲ್ಲ. ಇಲ್ಲಿನವರು ಮೂರು ಮಗ್ಗದಾಚೆಯಿಂದ ತುಟಿ ನೋಡಿ ಮಾತು ಹಿಡಿಯುತ್ತಾರೆ. ಹಾಗಾಗಿ ಕೋಚ್ ಚರ್ಚೆ ಇಲ್ಲಿ ಕೈಸನ್ನೆಯಲ್ಲಿ ನಡೆದಿದೆ. ಒಬ್ಬ ಎರಡು ಬೆರಳು ತೋರಿಸುತ್ತಾನೆ. ಇನ್ನೊಬ್ಬ ತಲೆಯಲ್ಲಾಡಿಸಿ ನಾಲ್ಕು ತೋರಿಸುತ್ತಾನೆ. ಎಳೆ ಹರಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಆ ಎರಡು ಕ್ಷಣದಲ್ಲಿ ಒಂದು ವಾಕ್ಯ ಒದರಿ, ಮತ್ತೆ ಚಾಲೂ.

ಕರೆಂಟು ಹೋಯಿತು.

“ರಮೇಶಣ್ಣನ್ನ ಬಿಟ್ರ ಯಾರೂ ಇಲ್ಲೋ!” ಎಂಬ ಕೂಗು ಇಡೀ ಶೆಡ್ಡಿನಲ್ಲಿ ಒಂಟಿಯಾಗಿ ನಿಂತುಬಿಟ್ಟಿತು. ಕೂಗಿದವನು ನಾಚಿ ಕಂಡಿಕೆ ಪುಟ್ಟಿಯ ಮೇಲೆ ಕೂತ. ಈಗ ಕೂಡ್ರಿ ನೀವೂ, ಕರೆಂಟು ಬರುವತನಕ ಯಾರಿಗೂ ಕೆಲಸವಿಲ್ಲ. ಮಾಲಕರೇ ಚಹಾ ತರಿಸುತ್ತಾರೆ.

ಬಿ.ಸಿ. ರಮೇಶ್ ಪರವಾದ ವಾದ ಗಟ್ಟಿ. ಕನ್ನಡಿಗರು, ಅರ್ಜುನ ಪ್ರಶಸ್ತಿ ಬಂದವರು, 2002ರ ಬೂಸಾನ್ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದವರು. 2019ರ ಅಕ್ಟೋಬರಿನಲ್ಲಿ ಬೆಂಗಾಲ್ ವಾರಿಯರ್ಸ್ ಡೆಲ್ಲಿಯನ್ನು 39–34ರಿಂದ ಗೆದ್ದಾಗ ಕೋಚ್ ಅವರು. 2022ರಲ್ಲಿ ಪುಣೇರಿ ಪಲ್ಟನ್ನನ್ನು ಫೈನಲ್‌ಗೆ ಒಯ್ದರು, ಸೋತರು. 2024ರ ಮಾರ್ಚ್ 1ರಂದು ಅವರ ಕೈಯಲ್ಲೇ ಅದೇ ಪುಣೇರಿ ಹರಿಯಾಣವನ್ನು 28–25ರಿಂದ ಗೆದ್ದಿತು.

“ಮತ್ತ ಬುಲ್ಸ್ ಗೆದ್ದಾಗನೂ ರಣಧೀರ್ ಸಾಹೇಬರ ಬಾಜೂಕ ಅವರ ಇದ್ರು,” ಎನ್ನುತ್ತಾನೆ ಕೂಗಿದವನು, ಈಗ ತಗ್ಗಿದ ದನಿಯಲ್ಲಿ. “ಎಲ್ಲಾರ ಮನಿ ದೀಪಾ ಹಚ್ಚಿ ಬಂದಾರ, ನಮ್ಮ ಮನೀಗೊಂದು ಬ್ಯಾಡೇನು?”

“ನಮ್ಮಂವ ಅಂತ ತರಬಾರದು,” ಎದುರು ಮಗ್ಗದ ಹಿರಿಯರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹರಿದ ಎಳೆ ಇನ್ನೂ ಹಾಗೇ ಇದೆ. “ಶಾಣ್ಯಾ ಅದಾನ ಅಂತ ತರಬೇಕು. 2018ರಾಗ ಜಕಾರ್ತಾದಾಗ ಏನಾತು? ನಮ್ಮ ಹೆಣ್ಮಕ್ಕಳ ಟೀಮನ್ನ ಇರಾನಿನವರು ಸೋಲಿಸಿದ್ರು, 27–24. ಆ ಇರಾನಿನ ಹುಡುಗ್ಯಾರಿಗೆ ಕಲಿಸಿದಾಕಿ ಯಾರು? ನಾಸಿಕದ ಶೈಲಜಾ ಜೈನ್. ಅಲ್ಲಿನವರು ಆಕೀನ್ನ ತಮ್ಮಾಕಿ ಅಂತ ಕರಕೊಂಡು ಹೋದ್ರೇನು? ಕಲಸ್ತಾಳ ಅಂತ ಕರಕೊಂಡು ಹೋದ್ರು.”

ಅನೂಪ್ ಕುಮಾರ್ ಹೆಸರು ಬರುತ್ತದೆ. 2016ರ ವಿಶ್ವಕಪ್ ಗೆದ್ದ ನಾಯಕ, ನಕ್ಕೇ ಬೋನಸ್ ಕದಿಯುತ್ತಿದ್ದ ಆಟಗಾರ. ಬಂದಷ್ಟೇ ಬೇಗ ಹೋಗುತ್ತದೆ. ಅವರ ಕೈಯಲ್ಲಿ ಪುಣೇರಿ ಏಳನೇ ಸೀಸನ್ನಿನಲ್ಲಿ ಹತ್ತನೇ ಸ್ಥಾನಕ್ಕೆ ಇಳಿದದ್ದು ಇಲ್ಲಿ ಎಲ್ಲರಿಗೂ ನೆನಪಿದೆ. ಮನ್‌ಪ್ರೀತ್ ಸಿಂಗರ ಹೆಸರಿಗೆ ಮಾತ್ರ ಶೆಡ್ಡು ತುಸು ಹೊತ್ತು ಗೌರವ ಕೊಡುತ್ತದೆ. ಗುಜರಾತಿನ ಜೊತೆ ಎರಡು ಫೈನಲ್ ಸೋತವರು, ಅದರಲ್ಲೊಂದು ಬುಲ್ಸ್ ಎದುರೇ. ಹರಿಯಾಣದ ಜೊತೆ ಇನ್ನೊಂದು. ಮೂರು ಸೋತು, ಹೋದ ರವಿವಾರ ಗೆದ್ದರು. “ಅಂವಾ ಬರಂಗಿಲ್ಲ, ಈಗಷ್ಟ ಗೆದ್ದಾನ,” ಎಂದು ಮಾಲಕರು ಆ ಪುಟ ಮುಚ್ಚುತ್ತಾರೆ.

ಮಾಲಕರ ಮಾತು ಇಡೀ ದಿನದಲ್ಲಿ ನಾನು ಕೇಳಿದ ಅತ್ಯಂತ ನಿಖರವಾದ ಮಾತು. “ನೀವೆಲ್ಲ ಕೋಚ್ ಅಂದ್ರ ಸೀಟಿ ಊದಾಂವ ಅಂತ ತಿಳದೀರಿ. ಅಲ್ಲ. ಕೋಚ್ ಅಂದ್ರ ಜಾತ್ರ್ಯಾಗ ಎತ್ತಿನ ಹಲ್ಲು ಹಿಡಿದು ನೋಡಾಂವ. ಪವನನ್ನ ಬಿಟ್ರು, ತಮಿಳುನಾಡಿನವರು 2 ಕೋಟಿ 26 ಲಕ್ಷಕ್ಕ ಹೊಡಕೊಂಡು ಹೋದ್ರು. ಮರುವರ್ಷ ತೆಲುಗಿನವರು 2 ಕೋಟಿ 60 ಲಕ್ಷ ಚಿಲ್ಲರೆ. ಭರತ್ ಹೂಡಾ ಹೋದ, ಯುಪಿ ಯೋಧಾಸ್ 1 ಕೋಟಿ 30 ಲಕ್ಷ. ಹೋದವರ ಹಲ್ಲು ಎಲ್ಲಾ ನೆಟ್ಟಗದಾವ. ನಾವು ತಂದಿದ್ದು ವಯಸ್ಸಾದ ಎತ್ತು.”

ಪರ್ದೀಪನನ್ನು ಹಾಗನ್ನುವುದು ಅನ್ಯಾಯ ಎಂದು ಇಬ್ಬರು ಎದ್ದರು. ಪಾಟ್ನಾಗೆ ಸಾಲಾಗಿ ಮೂರು ಕಪ್ ತಂದವನು, ಲೀಗಿನಲ್ಲೇ ಅತಿ ಹೆಚ್ಚು ರೇಡ್ ಪಾಯಿಂಟಿನ ಒಡೆಯ, ಅವನ ಪ್ರೊ ಕಬಡ್ಡಿ ಶುರುವಾದದ್ದೇ 2015ರಲ್ಲಿ ಬುಲ್ಸ್‌ನಿಂದ. ಜಗಳ ಏರುವಷ್ಟರಲ್ಲಿ ಒಬ್ಬ ಎಳೆಯ ಹುಡುಗ, ಇಷ್ಟು ಹೊತ್ತೂ ಕಂಡಿಕೆ ಸುತ್ತುವ ಯಂತ್ರದ ಹಿಂದೆ ನಿಂತವನು, ಕೇಳಿದ:

“ಮಾಮಾ, ಯಾರ ಬಂದ್ರೂ ನಮ್ಮನ್ನ ನೋಡಾಕ ಬರ್ತಾರೇನ್ರಿ?”

ಉತ್ತರ ಹೇಳುವ ಮೊದಲು ಕರೆಂಟು ಬಂತು. ಮಗ್ಗಗಳೆಲ್ಲ ಒಮ್ಮೆಗೇ ಎದ್ದವು.

ಇಲ್ಲಿ ನಾನೊಂದು ಅಡ್ಡಮಾತು ಆಡಬೇಕು, ರಸ್ತೆಗೆ ಬನ್ನಿ, ಇಲ್ಲಿ ಕೇಳಿಸುತ್ತದೆ. ಒಳಗಿನವರಿಗೆ ಇವತ್ತು ಗೊತ್ತಿಲ್ಲದ್ದು ನಿಮಗೆ ಗೊತ್ತಿದೆ. ಅದೇ 2025ರ ಹರಾಜಿಗೆ ಮೊದಲೇ ಬುಲ್ಸ್ ರಮೇಶರನ್ನು ಕೋಚ್ ಮಾಡಿತು. ಮೇ 31 ಮತ್ತು ಜೂನ್ 1ರ ಹರಾಜಿನಲ್ಲಿ ಪರ್ದೀಪನನ್ನು ಯಾವ ತಂಡವೂ ಕೊಳ್ಳಲಿಲ್ಲ, ಬೆನ್ನಿಗೇ ಆತ ನಿವೃತ್ತಿ ಹೇಳಿದ. ಆಗಸ್ಟಿನಲ್ಲಿ ವಿಶಾಖಪಟ್ಟಣದಲ್ಲಿ 12ನೇ ಸೀಸನ್ ಶುರುವಾದಾಗ ಬುಲ್ಸ್ ಎದುರು ಮೊದಲು ಬಂದದ್ದು ರಮೇಶರ ಹಳೆಯ ಪುಣೇರಿ. ಸಮಬಲವಾಗಿ, ಟೈ-ಬ್ರೇಕರಿನಲ್ಲಿ ಸೋತರು. ಆಮೇಲೆ ಚೇತರಿಸಿಕೊಂಡು ಪ್ಲೇಆಫ್ ತನಕ ಹೋದರು. ಮುಂದೆ ನಿಂತು ರೇಡ್ ಮಾಡಿದವನು ಇರಾನಿನ ಅಲಿರೆಜಾ ಮಿರ್ಜಾಯಿಯಾನ್. ಅವನ ಜೊತೆಗೆ ಗಣೇಶ ಹನಮಂತಗೋಳ ಎಂಬ, ನಮ್ಮ ಕಡೆಯ ಅಡ್ಡಹೆಸರಿನ ಹುಡುಗನೂ ಇದ್ದ. ಕೊನೆಯ ಸ್ಥಾನದಿಂದ ಅಲ್ಲಿಗೆ ಒಂದೇ ವರ್ಷದಲ್ಲಿ ಹೋದದ್ದು ಕೋಚ್ ಬದಲಾದದ್ದರಿಂದಲೇ ಎಂದು ರಮೇಶಣ್ಣನ ಪಕ್ಷದವರು ಹೇಳುತ್ತಾರೆ, ತಂಡವೇ ಪೂರ್ತಿ ಬದಲಾಗಿತ್ತಲ್ಲ ಎಂದು ಉಳಿದವರು. ನನಗೆ ಮಾಲಕರ ಹಲ್ಲು ನೋಡುವ ಮಾತೇ ಸರಿ ಎನ್ನಿಸುತ್ತದೆ. ಒಂದು ಸಂಗತಿ ಮಾತ್ರ ಬದಲಾಗಲಿಲ್ಲ: 11ನೇ ಸೀಸನ್ ಆಡಿದ್ದು ಹೈದರಾಬಾದ್, ನೋಯ್ಡಾ, ಪುಣೆಯಲ್ಲಿ, 12ನೆಯದೂ ಬೆಂಗಳೂರಿಗೆ ಬರಲಿಲ್ಲ. ಊರ ಹೆಸರಿನ ತಂಡ ಊರಲ್ಲೇ ಆಡದಿದ್ದರೆ ಆ ಕಂಡಿಕೆಯ ಹುಡುಗನನ್ನು ನೋಡಲು ಬನಹಟ್ಟಿಗೆ ಯಾರು ಬರುತ್ತಾರೆ?

ರಾತ್ರಿ ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರ. ಜೀಪಿನಿಂದ ಇಳಿಯುವಾಗ ತಲೆ ಕಾಯ್ದುಕೊಳ್ಳಿ, ಲೈಟಿನ ವೈರು ಕೆಳಗಿದೆ. ಹಳೆಯ ಊರು ಆಲಮಟ್ಟಿಯ ಹಿನ್ನೀರಿನಲ್ಲಿದೆ. ಇಲ್ಲಿ ಅಡ್ಡ ಗೆರೆ ಉದ್ದ ಗೆರೆ ಎಳೆದಂತೆ ಪ್ಲಾಟುಗಳು, ಸೆಕ್ಟರುಗಳು. ಕಬಡ್ಡಿ ತಂಡಕ್ಕೆ ಮಾತ್ರ ಇನ್ನೂ ಮುಳುಗಿದ ಊರಿನದೇ ಹೆಸರು. ಶಾಲೆಯ ಅಂಗಳದಲ್ಲಿ ಕೆಂಪು ಮಣ್ಣು ಹಾಕಿ, ನೀರು ಹೊಡೆದು, ಸುಣ್ಣದ ಗೆರೆ ಎಳೆದಿದ್ದಾರೆ. ನಾಲ್ಕು ಮೂಲೆಗೆ ಹ್ಯಾಲೋಜನ್. ಮೈಕಿನವನು ದೇಣಿಗೆ ಕೊಟ್ಟವರ ಹೆಸರು ಓದಿ ಮುಗಿಸುವ ಲಕ್ಷಣವಿಲ್ಲ. ಮಿರ್ಚಿ ಭಜಿಯ ಎಣ್ಣೆಯ ವಾಸನೆ, ಒದ್ದೆ ಮಣ್ಣಿನ ವಾಸನೆ, ಆಟಗಾರರ ಮೊಣಕಾಲಿಗೆ ಹಚ್ಚಿದ ಮುಲಾಮಿನ ವಾಸನೆ. ಹಗ್ಗದ ಹತ್ತಿರ ಮಣ್ಣಲ್ಲೇ ಕೂಡ್ರಿ, ಎಲ್ಲರೂ ಹಾಗೇ ಕೂತಿದ್ದಾರೆ.

ಇಲ್ಲಿ ಬುಲ್ಸ್ ಬಗ್ಗೆ ಯಾರೂ ಮಾತಾಡುತ್ತಿಲ್ಲ. ಇವರಿಗೆ ಇವರದೇ ಕೋಚ್ ಇಲ್ಲ. ಕಲಿಸುತ್ತಿದ್ದ ಪಿ.ಟಿ. ಮಾಸ್ತರಿಗೆ ವರ್ಗವಾಯಿತು. ಬೆಳಿಗ್ಗೆ ಐದೂವರೆಗೆ ಅಂಗಳಕ್ಕೆ ಬಂದು ತಾವೇ ನೀರು ಹೊಡೆಯುತ್ತಿದ್ದವರು, ತೂಕ ಇಳಿಸಬೇಕಾದ ಹುಡುಗನ ಮನೆಗೆ ಹೋಗಿ ಅವನ ಅವ್ವನಿಗೇ ರೊಟ್ಟಿಯ ಲೆಕ್ಕ ಹೇಳುತ್ತಿದ್ದವರು. ಅವರ ಜಾಗಕ್ಕೆ ಇಬ್ಬರಿದ್ದಾರೆ. ಒಬ್ಬರು ಮಿಲಿಟರಿ ಮಾಮಾ. ಸರ್ವಿಸ್ ಮುಗಿಸಿ ಬಂದಿದ್ದಾರೆ, ಟ್ರ್ಯಾಕ್‌ಸೂಟು ಹೊಸದು, ಕೊರಳಲ್ಲಿ ಸೀಟಿ. ಇನ್ನೊಬ್ಬರು, ಯೂನಿವರ್ಸಿಟಿ ತಂಡಕ್ಕೆ ಲೆಫ್ಟ್ ಕಾರ್ನರ್ ಆಡಿದ ಅಕ್ಕ. ಚೂಡಿದಾರದ ಮೇಲೆ ಸ್ವೆಟರು, ಹಗ್ಗಕ್ಕೆ ಆತು ನಿಂತಿದ್ದಾಳೆ, ಕೈಯಲ್ಲಿ ಏನೂ ಇಲ್ಲ.

“ಗಂಡು ಹುಡುಗರಿಗೆ ಹೆಣ್ಮಗಳು ಹೆಂಗ ಕಲಸ್ತಾಳ?” ನಿಮ್ಮ ಹಿಂದೆ ಕೂತವರು ಗೊಣಗುತ್ತಾರೆ.

“ತೇಜಸ್ವಿನಿ ಬಾಯಿ ಹೆಸರು ಕೇಳೀರೇನು ಕಾಕಾ?” ಅಕ್ಕ ತಿರುಗದೆಯೇ ಉತ್ತರಿಸುತ್ತಾಳೆ. “ಎರಡು ಸಲ ಏಷ್ಯನ್ ಗೇಮ್ಸ್ ಚಿನ್ನ. ನಮ್ಮ ಕರ್ನಾಟಕದಾಕಿ. ನಾ ಆಕೀ ಆಟ ನೋಡೇ ಆಂಕಲ್ ಹೋಲ್ಡ್ ಕಲತಾಕಿ. ನಿಮ್ಮ ಹುಡುಗನ ಕಾಲು ಹಿಡಿದು ತೋರಿಸ್ಲೇನು ಈಗ?”

ಹಿಂದಿನವರು ಸುಮ್ಮನಾದರು. ಅವರ ಹುಡುಗ, ತಂಡದ ರೈಟ್ ಕವರ್, ಅಷ್ಟು ದೂರದಲ್ಲಿ ನಗುತ್ತಿದ್ದಾನೆ.

ಕೊನೆಯ ನಿಮಿಷ. 24–24. ನಮ್ಮವರದು ಡು-ಆರ್-ಡೈ ರೇಡ್. ಹಿಂದಿನ ಎರಡು ಖಾಲಿ ಹೋಗಿವೆ, ಈಗ ಪಾಯಿಂಟ್ ತರದೆ ಬಂದರೆ ರೇಡರ್ ಔಟ್. ಎದುರಿಗೆ ಆರು ಮಂದಿ, ಅಂದರೆ ಬೋನಸ್ ಗೆರೆ ಜೀವಂತ ಇದೆ. ಹುಡುಗ ನಡುಗೆರೆಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಕಬಡ್ಡಿ ಕಬಡ್ಡಿ ಕಬಡ್ಡಿ. ಮಣ್ಣಿನ ಮೇಲೆ ಅವನ ಪಾದದ ಸಪ್ಪಳ ನಿಮಗೆ ಕೇಳಿಸುತ್ತದೆ, ಅಷ್ಟು ಹತ್ತಿರ ಕೂತಿದ್ದೀರಿ.

“ಬೋನಸ್! ಬೋನಸ್ ತಗೊಂಡು ವಾಪಸ್ ಬಾ!” ಅಕ್ಕ.

“ಒಳಗ ನುಗ್ಗೋ! ಕಾರ್ನರ್ ಮುಟ್ಟು!” ಮಿಲಿಟರಿ ಮಾಮಾ, ಸೀಟಿಯನ್ನೂ ಊದಿಬಿಟ್ಟರು. ರೆಫ್ರಿ ತಿರುಗಿ ಕೈಯೆತ್ತಿ ಬೈಯುತ್ತಾನೆ.

ಹುಡುಗ ಬೋನಸ್ ಗೆರೆಗೆ ಕಾಲು ಚಾಚಿದ, ಅರ್ಧದಲ್ಲೇ ಮನಸ್ಸು ಬದಲಿಸಿ ಕಾರ್ನರ್ ಕಡೆ ಕೈ ಬೀಸಿದ. ಕಾರ್ನರಿನವನು ಕಾಯುತ್ತಿದ್ದುದೇ ಅದಕ್ಕೆ. ಆಂಕಲ್ ಬಿಗಿ ಹಿಡಿತ, ಕವರಿನಿಂದ ಡ್ಯಾಶ್, ಮೇಲೆ ಮೂರು ಮಂದಿ. ಮಣ್ಣು ನಿಮ್ಮ ಬಟ್ಟೆಗೂ ಸಿಡಿಯಿತು. ಉದ್ದನೆಯ ಸೀಟಿ. 24–25.

ಹುಡುಗ ಎದ್ದು, ಉಗುಳಿ, ಸೀದಾ ಹಗ್ಗದ ಹತ್ತಿರ ಬಂದ. “ಇಬ್ಬರೂ ಕೂಡೇ ಒದರಿದ್ರ ನಾ ಯಾರ ಮಾತು ಕೇಳ್ಲಿ?”

“ನಾ ಹೇಳಿದಂಗ ಮಾಡಿದ್ರ...” ಎಂದು ಮಾಮಾ ಶುರು ಮಾಡಿದರು.

“ಮಾಡ್ಯಾನಲ್ರಿ, ನೀವು ಹೇಳಿದಂಗ!” ಅಕ್ಕ.

ಕಮಿಟಿಯ ಯಜಮಾನರು ನಡುವೆ ಬಂದರು, ಕೈಯಲ್ಲಿ ಇನ್ನೂ ದೇಣಿಗೆಯ ಪಟ್ಟಿ. “ಜಗಳ ಬ್ಯಾಡ. ನಾಳೆ ಮುಂಜಾನೆ ಐದೂವರೆಗೆ ಹುಡುಗರನ್ನ ಯಾರು ಎಬ್ಬಸ್ತೀರಿ?”

“ನಾಳೆ ನನಗ ಬೀಳಗಿ ಬ್ಯಾಂಕಿನ ಕೆಲಸ ಐತ್ರಿ,” ಮಾಮಾ.

“ಬ್ಯಾಂಕು ಐದೂವರೆಗೆ ತಗೀತಾರೇನು?” ಯಾರೋ ಕತ್ತಲಲ್ಲಿ ಕೇಳಿದರು. ಮಾಮಾ ಆ ಕಡೆ ದುರುಗುಟ್ಟಿ ನೋಡಿದರು, ಯಾರೆಂದು ಕಾಣಲಿಲ್ಲ.

ಅಕ್ಕ ಕೈ ಚಾಚಿದಳು. “ಖೋಲಿ ಕೀಲಿ ಕೊಡ್ರಿ. ಪೈಪು, ಸುಣ್ಣ ಎಲ್ಲಾ ಒಳಗ ಅದಾವ.”

ಯಜಮಾನರು ಜೇಬು ತಡಕಿದರು. ಇನ್ನೊಂದು ಜೇಬು. ಮೈಕಿನವನ ಕಡೆ ನೋಡಿದರು, ಮೈಕಿನವನು ಶಾಲೆಯ ಸಿಪಾಯಿಯ ಕಡೆ ನೋಡಿದ.

“ಕೀಲಿ ಮಾಸ್ತರ ಕಡೇನ ಉಳದೈತ್ರಿ,” ಎಂದ ಸಿಪಾಯಿ. “ವರ್ಗ ಆಗಿ ಹೋಗುವಾಗ ಯಾರೂ ಕೇಳಲಿಲ್ಲ, ಅವರೂ ಕೊಡಲಿಲ್ಲ.”

“ಹಂಗಾದ್ರ ಒಡೀರಿ.”

“ಒಡದ್ರ ಹೊಸಾ ಕೀಲಿಗೆ ರೊಕ್ಕ ಯಾರು ಕೊಡ್ತಾರ?” ಎಂದರು ಯಜಮಾನರು, ಮತ್ತು ದೇಣಿಗೆಯ ಪಟ್ಟಿಯನ್ನು ಬೆಳಕಿಗೆ ಹಿಡಿದು ಮೊದಲಿನಿಂದ ಓದತೊಡಗಿದರು.